ಎಂಟುನೂರ ಇಪ್ಪತ್ತು ಗ್ರಾಂ ಲಾಭ

ಖಾರಘರ
4 ಜೂನ್ 2024

ಸುಗುಣಕ್ಕಾ,

ನಾನು ಕಾಂಚನಾ. ಡೊಂಬಿವಲಿಯ ನಿಮ್ಮ ಅಡುಗೆಮನೆಯಲ್ಲಿ ನಾಲ್ಕು ವರ್ಷ ತೆಂಗಿನಕಾಯಿ ತುರಿದವಳು. ಮರೆತಿರಲಾರಿರಿ. ನಿಮ್ಮ ದಿನದ ಬೈಗುಳದಲ್ಲಿ ಅರ್ಧ ಪಾಲು ನನ್ನದೇ ಇರುತ್ತಿತ್ತು.

ಹೋಟೆಲಿನ ಈ ಹೊಸ ಶಾಖೆಗೆ ಬಂದು ಮೂರು ವಾರವಾಯಿತು. ಹಿಟ್ಟಿನ ಕೋಣೆಗೆ ನಾನೇ ಮುಖ್ಯಸ್ಥೆ, ಜೊತೆಗೆ ನಾಲ್ಕು ಹೆಂಗಸರು. ಸಣ್ಣ ಸೇಠರು, ಅಂದರೆ ನಿಮ್ಮ ಮೈದುನನ ಮಗ ಕಶ್ಯಪ ಅವರು, ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಪಟ್ಟಿಯೊಂದನ್ನು ಅಂಟಿಸಿದ್ದಾರೆ. ದಿನದ ಇಡ್ಲಿಗೆ ಕುಚ್ಚಲಕ್ಕಿ 6,560 ಗ್ರಾಂ, ಉದ್ದು 1,640 ಗ್ರಾಂ, ಮೆಂತೆ 40 ಗ್ರಾಂ, ಪುಡಿಯುಪ್ಪು 180 ಗ್ರಾಂ. ಮಾಜಿವಾಡಾ, ಡೊಂಬಿವಲಿ, ಖಾರಘರ, ಮೂರೂ ಕಡೆ ಒಂದೇ ರುಚಿ ಬರಬೇಕಂತೆ.

ತೂಗಲು ಕೊಟ್ಟದ್ದು ಕರೆಂಟಿನ ತಕ್ಕಡಿ. ಐದು ಕಿಲೋಗಿಂತ ಹೆಚ್ಚು ಹೊರುವುದಿಲ್ಲ. ಪಾತ್ರೆ ಇಟ್ಟು ಸೊನ್ನೆಗೆ ತಂದು ಅಕ್ಕಿ ಸುರಿಯುವಷ್ಟರಲ್ಲಿ ನಿದ್ದೆ ಹೋಗುತ್ತದೆ. ಎಬ್ಬಿಸಿದರೆ ಪಾತ್ರೆಯನ್ನೂ ಅಕ್ಕಿ ಎಂದೇ ಲೆಕ್ಕ ಹಿಡಿಯುತ್ತದೆ. ನಿನ್ನೆ ಹಬೆ ಹೊಡೆದು ಮೂರು ಇಂಗ್ಲಿಷ್ ಅಕ್ಷರ ತೋರಿಸಿ ಸುಮ್ಮನಾಗಿದೆ. ಸಣ್ಣ ಸೇಠರಿಗೆ ಹೇಳಿದೆ. “ಮಷೀನ್ ಗಲತ್ ನಹೀಂ ಹೋತಾ, ಹಾತ್ ಗಲತ್ ಹೋತಾ ಹೈ” ಎಂದರು, ತಪ್ಪುವುದು ಯಂತ್ರವಲ್ಲ, ಕೈಯಂತೆ. ಅವರಿಗೆ ಕನ್ನಡ ತಿಳಿಯುತ್ತದೆ, ಆದರೆ ತಪ್ಪು ಯಾವಾಗಲೂ ಹಿಂದಿಯಲ್ಲೇ ಹೊರಿಸುತ್ತಾರೆ.

ಜೂನ್ ಮೂವತ್ತಕ್ಕೆ ದೊಡ್ಡ ಸೇಠರು, ಅವರ ತಂದೆ ಮುರಾರಿಯವರು, ಬಂದು ಇಡ್ಲಿ ತಿಂದು ನೋಡುತ್ತಾರೆ. ಹಿಡಿಸದಿದ್ದರೆ ಜುಲೈಯಿಂದ ಹಿಟ್ಟು ಹೊರಗಿನ ಫ್ಯಾಕ್ಟರಿಯಿಂದ ಬರುತ್ತದೆ. ಹಿಟ್ಟಿನ ಕೋಣೆಗೆ ಬೀಗ ಬೀಳುತ್ತದೆ, ನಾವು ಐದು ಜನ ಮನೆಗೆ.

ಅದಕ್ಕೇ ಕೇಳುತ್ತಿದ್ದೇನೆ. ಹಾಲಿನವರು ಹಾಲು ಅಳೆಯುವ ಲೀಟರಿನ ಅಲ್ಯೂಮಿನಿಯಂ ಮಾಪು ಇಲ್ಲೂ ಒಂದಿದೆ. ಈ ಗ್ರಾಮುಗಳನ್ನು ಆ ಮಾಪಿಗೆ ತಿರುಗಿಸಿ ಕೊಡಿ. ಅಡುಗೆಮನೆಗೆ ಫೋನು ತರುವಂತಿಲ್ಲ, ರೂಮಿನಲ್ಲಿ ಮಾತಾಡಿದರೆ ಆರು ಕಿವಿ. ತಾರಾನಾಥಣ್ಣನ ಟೆಂಪೋ ದಿನಾ ಅಲ್ಲಿಂದ ತೆಂಗಿನಕಾಯಿ ತರುತ್ತದಲ್ಲ, ಅವರ ಕೈಯಲ್ಲಿ ಬರೆದು ಕಳಿಸಿ. ನೆನೆಹಾಕುವ ಕೋಣೆಗೆ ನೀವು ನನ್ನನ್ನು ಒಂದು ದಿನವೂ ಬಿಟ್ಟುಕೊಳ್ಳಲಿಲ್ಲ. ಈಗ ಕಾಗದದ ಮೇಲಾದರೂ ಬಿಟ್ಟುಕೊಳ್ಳಿ.

ಕಾಂಚನಾ


ಡೊಂಬಿವಲಿ
5 ಜೂನ್ 2024

ಖಾರಘರದ ಖಾರದ ಹುಡುಗಿಗೆ,

ನಿನ್ನ ಕಾಗದ ಖಾಲಿ ಗೋಣಿಯೊಳಗಿಂದ ಬಂತು. ತಾರಾನಾಥ ಶೀಳ್‌ಫಾಟಾದಲ್ಲಿ ಒಂದೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಕೂತಿದ್ದನಂತೆ. ಅಷ್ಟು ಹೊತ್ತು ಓದದೆ ಇಟ್ಟುಕೊಂಡನೆಂದರೆ ಅವನಿಗೆ ಕನ್ನಡ ಓದಲು ಬರುವುದಿಲ್ಲ ಎಂದೇ ಅರ್ಥ.

ಮೊದಲ ಪಾಠ: ತೂಕಡಿಸುವ ತಕ್ಕಡಿಯಿಂದ ತೂಕ ನಿರೀಕ್ಷಿಸಬೇಡ. ಗ್ರಾಂ ಎಂಬುದು ಮಾರುವವರ ಭಾಷೆ. ಬೇಯಿಸುವವರದು ಅಳತೆ. ಅದು ತಪ್ಪಿದ ದಿನ ಮಾತ್ರ ನಾವು ಅಳುವುದು.

ನಿನ್ನ ಮಾಪಿಗೆ ಕುಚ್ಚಲಕ್ಕಿ ತುಂಬಿ, ತಲೆಯನ್ನು ಅಂಗೈಯಿಂದ ಒರೆಸು. ಗೋಪುರ ಕಟ್ಟಬೇಡ, ಅದೇನು ದೇವಸ್ಥಾನವಲ್ಲ. ಹಾಗೆ ಒರೆಸಿದ ಮಾಪಿನಲ್ಲಿ ಅಕ್ಕಿ ಎಂಟುನೂರ ಇಪ್ಪತ್ತು ಗ್ರಾಂ. ಗುಂಡು ಉದ್ದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅಕ್ಕಿ ಎಂಟು ಮಾಪು, ಉದ್ದು ಎರಡು. ಮೆಂತೆ ನನ್ನದಾದರೆ ಒಂದು ಹಿಡಿ, ನಿನ್ನ ಕೈ ಸಣ್ಣದು, ಒಂದೂಕಾಲು ಹಾಕು. ಉಪ್ಪಿಗೆ ಕಟಿಂಗ್ ಚಹಾದ ಪುಟ್ಟ ಗ್ಲಾಸು ತಗೋ, ಪುಡಿಯುಪ್ಪು ಒಂದೂವರೆ ಗ್ಲಾಸು. ಕಲ್ಲುಪ್ಪಾದರೆ ಈ ಲೆಕ್ಕ ನಡೆಯುವುದಿಲ್ಲ, ಹರಳಿನ ನಡುವೆ ಜಾಗ ಉಳಿಯುತ್ತದೆ.

ಲೀಟರು ನೀರು ಒಂದು ಕಿಲೋ ಎಂದು ಶಾಲೆಯಲ್ಲಿ ಕಲಿತದ್ದನ್ನು ಒಲೆಯ ಹತ್ತಿರ ತರಬೇಡ. ಅದೇ ಮಾಪಿಗೆ ತೆಳು ಅವಲಕ್ಕಿ ತುಂಬಿದರೆ ಇನ್ನೂರು ಗ್ರಾಮೂ ಆಗಲಿಕ್ಕಿಲ್ಲ. ಅದರಲ್ಲಿ ಗಾಳಿಯೇ ಹೆಚ್ಚು, ನಮ್ಮ ಕಶ್ಯಪನ ಮೀಟಿಂಗಿನ ಹಾಗೆ. ಪ್ರತಿಯೊಂದು ಸಾಮಾನಿಗೂ ಬೇರೆ ಲೆಕ್ಕ, ಬೇರೆ ಮರ್ಯಾದೆ.

ನಾನು ವಿಶ್ರಾಂತಿಯಲ್ಲಿ ಸುಖವಾಗಿದ್ದೇನೆ. ಬಾಲ್ಕನಿಯಲ್ಲಿ ನಿಂತು ಲೋಕಲ್ ಟ್ರೇನು ಎಣಿಸುತ್ತೇನೆ. ಬಿ.ಎ. ಮಾಡಿದವಳು ಕೆಲಸವಿಲ್ಲದೆ ಕೂತಿದ್ದಾಳೆ ಎಂದು ಯಾರೂ ಹೇಳಬಾರದಲ್ಲ.

ಸುಗುಣಾ


ಖಾರಘರ
9 ಜೂನ್ 2024

ಸುಗುಣಕ್ಕಾ,

ಆರನೇ ತಾರೀಖಿನಿಂದ ನಿಮ್ಮ ಮಾಪೇ ನಡೆಯುತ್ತಿದೆ. ಇಡ್ಲಿ ಹೇಗಿದೆ ಎಂದು ನಾನು ಹೇಳುವುದಿಲ್ಲ, ಗಿರಾಕಿಗಳು ಹೇಳುತ್ತಿದ್ದಾರೆ. ಕೈಯಲ್ಲಿ ಹಿಡಿದರೆ ಹತ್ತಿ. ಕಂಪನಿ ಬಸ್ಸು ಹತ್ತುವ ಹುಡುಗಿಯರು ಎಂಟಕ್ಕೇ ಸಾಲು ನಿಲ್ಲುತ್ತಾರೆ. ದಿನಕ್ಕೆ ಐವತ್ತು ಇಡ್ಲಿ ಹೆಚ್ಚು ಬೇಯುತ್ತಿವೆ, ಆದರೂ ಒಂಬತ್ತೂವರೆಗೆ ಖಾಲಿ.

ಸಣ್ಣ ಸೇಠರು ನಿನ್ನೆ ಮೂರು ಇಡ್ಲಿ ತಿಂದು, “ದೇಖಾ? ಗ್ರಾಂ ಕಾ ಡಿಸಿಪ್ಲಿನ್” ಎಂದು ತಕ್ಕಡಿಯ ಬೆನ್ನು ತಟ್ಟಿದರು. ಅದಕ್ಕೆ ಎಚ್ಚರವೂ ಆಗಲಿಲ್ಲ.

ಎರಡು ಮಾತು ಕೇಳಬೇಕು. ಸುಖವಾಗಿ ಕೂತಿದ್ದೇನೆ ಅನ್ನುವವರು ಒಂದು ಸಲ ಖಾರಘರಕ್ಕೆ ಬಂದು ಇಡ್ಲಿ ತಿನ್ನಬಾರದೇ? ಇನ್ನೊಂದು, ಆ ಪಟ್ಟಿಯ ಸಂಖ್ಯೆಗಳನ್ನು ನಿಮ್ಮ ಮಾಪಿನಿಂದ ಭಾಗಿಸಿದರೆ ಸರಿಯಾಗಿ ಎಂಟು, ಸರಿಯಾಗಿ ಎರಡು ಬರುತ್ತದೆ. ಒಂದು ಕಾಳೂ ಉಳಿಯುವುದಿಲ್ಲ. ಪರದೇಶದ ತಕ್ಕಡಿಯ ಲೆಕ್ಕ ನಮ್ಮ ಹಾಲಿನ ಮಾಪಿಗೆ ಇಷ್ಟು ಮರ್ಯಾದೆ ಯಾಕೆ ಕೊಟ್ಟಿತು?

ಕಾಂಚನಾ


ಡೊಂಬಿವಲಿ
11 ಜೂನ್ 2024

ಕಾಂಚನಾ,

ಐವತ್ತು ಇಡ್ಲಿ ಹೆಚ್ಚು ಎಂದರೆ ನಿನ್ನ ತಟ್ಟೆಯ ಗುಳಿ ಸಣ್ಣದಿರಬೇಕು. ಹೊಸ ತಟ್ಟೆಗಳೆಲ್ಲ ಜಿಪುಣರ ಅಚ್ಚು.

ಬರಲು ಮಂಡಿನೋವು. ಯಾರ ಮುಂದೆಯೂ ಮಂಡಿಯೂರದವಳು ಈಗ ದಿನಾ ಎರಡು ಹೊತ್ತು ಮಂಡಿಯ ಸೇವೆಯಲ್ಲಿದ್ದೇನೆ. ಸಂಖ್ಯೆಗಳ ಮರ್ಯಾದೆಯ ವಿಷಯ ಸಂಖ್ಯೆಗಳನ್ನೇ ಕೇಳು. ಉದ್ದು ರುಬ್ಬುವಾಗ ನೀರು ತಣ್ಣಗಿರಲಿ.

ಸುಗುಣಾ


ಖಾರಘರ
24 ಜೂನ್ 2024

ಸುಗುಣಕ್ಕಾ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಎಲ್ಲ ಚೆನ್ನಾಗಿತ್ತು, ಹಾಗಾಗಿ ಬರೆಯಲಿಲ್ಲ. ಈಗ ಬರೆಯುವಂಥದ್ದು ಆಗಿದೆ.

ನಿನ್ನೆ ಸಣ್ಣ ಸೇಠರು ಉಗ್ರಾಣದ ಚೀಲಗಳನ್ನೆಲ್ಲ ದೊಡ್ಡ ತಕ್ಕಡಿಗೆ ಏರಿಸಿ ತೂಗಿಸಿದರು. ಪಟ್ಟಿಯ ಪ್ರಕಾರ ಉಳಿಯಬೇಕಾದದ್ದಕ್ಕಿಂತ ಅಕ್ಕಿ ಹದಿನೈದು ಕಿಲೋ ಕಡಿಮೆ. ಉದ್ದು ಹದಿನೈದು ಕಿಲೋ ಕಡಿಮೆ. ನಮ್ಮ ಐದೂ ಜನರನ್ನು ಸಾಲಾಗಿ ನಿಲ್ಲಿಸಿ ಕೈಚೀಲ ಬಿಚ್ಚಿಸಿದರು. ನನ್ನದರಲ್ಲಿ ಒಂದು ಬಾಚಣಿಗೆ, ಟ್ರೇನಿನ ಪಾಸು, ಅವ್ವ ಕೊಟ್ಟ ಎರಡು ಜೋಳದ ರೊಟ್ಟಿ. ರೊಟ್ಟಿಯನ್ನೂ ಬಿಡಿಸಿ ನೋಡಿದರು.

“ಸಾಹೇಬರ, ದಿನಾ ಐವತ್ತು ಇಡ್ಲಿ ಜಾಸ್ತಿ ಆಗ್ಯಾವಲ್ಲ, ಅವೇನು ಗಾಳೀಲೇ ಆದ್ವೇನ್ರಿ?” ಅಂದೆ.

“ವೋ ಪ್ರೊಸೆಸ್ ಕಾ ಕಮಾಲ್ ಹೈ. ಯೇ ಚೋರಿ ಹೈ” ಅಂದರು.

ನೋಡಿ, ಹೆಚ್ಚಾದ ಇಡ್ಲಿ ತಕ್ಕಡಿಯ ಪುಣ್ಯ, ಕಡಿಮೆಯಾದ ಉದ್ದು ನಮ್ಮ ಪಾಪ. ಮೂವತ್ತರೊಳಗೆ ನಾನು ತಪ್ಪೊಪ್ಪಿಗೆ ಬರೆದುಕೊಟ್ಟರೆ ಉಳಿದ ನಾಲ್ವರನ್ನು ಇಟ್ಟುಕೊಳ್ಳುತ್ತಾರಂತೆ. ಇಲ್ಲದಿದ್ದರೆ ಇಡ್ಲಿ ರುಚಿಯಾದರೂ ಐದೂ ಜನ ಹೊರಗೆ. ನಾನು ಕದ್ದಿಲ್ಲ. ನಾನು ಬರೆಯುವ ಕಾಗದ ನಿಮಗೆ ಬರೆಯುವ ಇದೊಂದೇ.

ಕಾಂಚನಾ


ಡೊಂಬಿವಲಿ
25 ಜೂನ್ 2024

ಕಾಂಚನಾ,

ಕಳ್ಳರಿಗೆ ಇಷ್ಟು ಸಮದೃಷ್ಟಿ ಇರುವುದಿಲ್ಲ ಮಾರಾಯ್ತಿ. ಕದಿಯುವವಳು ತುಟ್ಟಿಯಾದ ಉದ್ದನ್ನು ಕದ್ದಾಳು. ಅಕ್ಕಿಯನ್ನೂ ಅಷ್ಟೇ ತೂಕಕ್ಕೆ ಕದಿಯಲು ಅವಳೇನು ಜೊತೆಯಲ್ಲಿ ತಕ್ಕಡಿ ತಂದಿದ್ದಳೇ?

ಹದಿನೈದು ಕಿಲೋವನ್ನು ನೀನು ಮಾಪು ಹಿಡಿದ ಹದಿನೆಂಟು ದಿನಕ್ಕೆ ಹಂಚಿ ನೋಡಿದೆ. ದಿನಕ್ಕೆ ಎಂಟುನೂರ ಇಪ್ಪತ್ತು ಚಿಲ್ಲರೆ. ಅಂದರೆ ಅಕ್ಕಿಯಲ್ಲಿ ಒಂದು ಮಾಪು, ಉದ್ದಿನಲ್ಲಿ ಒಂದು ಮಾಪು, ಪ್ರತಿದಿನ ಹೆಚ್ಚು ಬೀಳುತ್ತಿದೆ. ಐವತ್ತು ಇಡ್ಲಿ ಅಲ್ಲಿಂದಲೇ ಬಂದದ್ದು, ನಾನು ಸುಮ್ಮನೆ ನಿನ್ನ ತಟ್ಟೆಯನ್ನು ಬೈದೆ. ಅಳೆಯುವಾಗ ನೀನು ಬಾಯಲ್ಲಿ ಏನೆಂದು ಎಣಿಸುತ್ತೀ? ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸು.

ತಪ್ಪು ಸಿಕ್ಕಿತೋ, ಸದ್ದಿಲ್ಲದೆ ಎಂಟಕ್ಕೂ ಎರಡಕ್ಕೂ ಇಳಿದುಬಿಡು. ಹದಿನೈದು ಕಿಲೋದ ವಿಷಯ ನಾನು ಮುರಾರಿಯ ಹತ್ತಿರ ಮಾತಾಡಿ ಮುಚ್ಚಿಸುತ್ತೇನೆ. ಕಶ್ಯಪನ ಎದುರು ನಿಲ್ಲಬೇಡ. ಕೆಲಸ ಉಳಿಯಬೇಕಾದರೆ ಅಡುಗೆಮನೆಯಲ್ಲಿ ಮುಚ್ಚಳವೂ ಒಂದು ಪಾತ್ರೆಯೇ.

ಸುಗುಣಾ


ಖಾರಘರ
26 ಜೂನ್ 2024

ಸುಗುಣಕ್ಕಾ,

ಲಾಭ, ಒಂದು, ಎರಡು, ಮೂರು. ಹೀಗೆ ಎಣಿಸುತ್ತೇನೆ.

ನಮ್ಮವ್ವ ಮರಗಮ್ಮ ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಹಮಾಲರಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಜೋಳ ಅಳೆಯುವಾಗ ಮೊದಲ ಸೇರಿಗೆ ‘ಲಾಭ’ ಅನ್ನುತ್ತಾಳೆ, ಎಣಿಕೆ ಅದರ ಮುಂದಿನ ಸೇರಿನಿಂದ. ಲಾಭದ ಸೇರು ಲೆಕ್ಕಕ್ಕಿಲ್ಲ, ಅದು ಉಣ್ಣುವವರ ಪಾಲು. ನಾನು ಬುದ್ಧಿ ಬಂದಾಗಿನಿಂದ ಹಾಗೇ ಅಳೆದದ್ದು. ಇವತ್ತು ತಾರಾನಾಥಣ್ಣನನ್ನು ಕೇಳಿದೆ.

“ಉಡುಪಿಯಲ್ಲೂ ಲಾಭ ಅಂತಲೇ ಸುರು ಮಾಡುದು. ಆದ್ರೆ ಲಾಭ ಅಂದ್ರೇ ಒಂದು. ಲಾಭ, ಎರಡು, ಮೂರು. ನೀವು ಲಾಭವನ್ನೂ ಕೊಟ್ಟು ಮತ್ತೆ ಒಂದನ್ನೂ ಕೊಡುದಾ? ನಿಮ್ಮ ಹತ್ರ ಸಾಮಾನು ತಗೊಳ್ಬೇಕು ಮಾರಾಯ್ತಿ, ಮಾರ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದು ಹೊಟ್ಟೆ ಹಿಡಿದು ನಕ್ಕರು.

ಆದ್ದರಿಂದ ಖಾರಘರದ ಸಾಲು ತಿನ್ನುತ್ತಿರುವುದು ಎಂಟು-ಎರಡರ ಇಡ್ಲಿ ಅಲ್ಲ, ಒಂಬತ್ತು-ಮೂರರದ್ದು. ಉದ್ದು ಹೆಚ್ಚಾಯಿತು, ಇಡ್ಲಿ ಹಗುರಾಯಿತು. ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಸದ್ದಿಲ್ಲದೆ ಇಳಿಸು ಅಂದಿರಲ್ಲ, ಅದು ಆಗುವುದಿಲ್ಲ. ಇಳಿಸಿದರೆ ಹದಿನೈದು ಕಿಲೋ ನಾವು ಕದ್ದದ್ದೇ ಆಯಿತು, ಇಪ್ಪತ್ನಾಲ್ಕರಿಂದ ಹೆದರಿ ನಿಲ್ಲಿಸಿದೆವು ಎಂದೂ ಆಯಿತು. ಮೂವತ್ತಕ್ಕೆ ದೊಡ್ಡ ಸೇಠರ ಮುಂದೆ ಇದೇ ಮಾಪು ಇಡುತ್ತೇನೆ.

ಇನ್ನೊಂದು. ಆ ಪಟ್ಟಿ ತಕ್ಕಡಿಯಿಂದ ಹುಟ್ಟಿದ್ದಲ್ಲ. ಯಾರೋ ಎಂಟು ಮಾಪು, ಎರಡು ಮಾಪು ಅಳೆದದ್ದನ್ನು ಆಮೇಲೆ ತೂಗಿ ಬರೆದದ್ದು. ಯಾರ ಮಾಪು ಸುಗುಣಕ್ಕ? ಹೋದ ಸಲ ಕೇಳಿದಾಗ ಮಂಡಿ ತೋರಿಸಿದಿರಿ. ನಮ್ಮನ್ನು ಹೊರಗೆ ಹಾಕುವ ಪಟ್ಟಿಯನ್ನು ಬರೆಸಿಕೊಟ್ಟವರು ನೀವೇ ಆಗಿದ್ದರೆ, ನನ್ನ ಕಾಗದ ಓದಿ ನಗುತ್ತಿದ್ದಿರಾ?

ಕಾಂಚನಾ


ಡೊಂಬಿವಲಿ
28 ಜೂನ್ 2024

ಕಾಂಚನಾ,

ಪೆನ್ನು ಸರಿಯಿತ್ತು. ಬರೆಯುವವಳು ಸರಿಯಿರಲಿಲ್ಲ. ಅದಕ್ಕೆ ಎರಡು ದಿನ ತಡ.

ಹೋದ ಅಕ್ಟೋಬರಿನಲ್ಲಿ ಕಶ್ಯಪ ಸಂಕರ್ಷಣ ಎಂಬ ಸಲಹೆಗಾರನನ್ನು ಕರೆತಂದ. ಬಿಳಿ ಕೈಗವಸು, ತಲೆಗೆ ಬಲೆ. ನೆನೆಹಾಕುವ ಕೋಣೆಯ ಬಾಗಿಲು ಮುಚ್ಚಿಕೊಂಡು, ನಾನು ಅಳೆಯುವ ಪ್ರತಿ ಮಾಪನ್ನೂ ತಕ್ಕಡಿಗೆ ಸುರಿದು ಬರೆದುಕೊಂಡ. “ಅಮ್ಮಾ, ನಿಮ್ಮ ಕೈ ಒಂದು ಗ್ರಾಮೂ ಆಚೀಚೆ ಆಗುವುದಿಲ್ಲ” ಎಂದ. ನಾನು ಉಬ್ಬಿದೆ. ಹುಳಿ ಬಂದ ಹಿಟ್ಟಿನ ಹಾಗೆ ಪಾತ್ರೆ ಮೀರಿ ಉಬ್ಬಿದೆ. ಮೂವತ್ತನಾಲ್ಕು ವರ್ಷದಲ್ಲಿ ನಾನು ಮಾಡಿದ್ದನ್ನು ಮೊದಲ ಸಲ ಯಾರೋ ಬರೆದುಕೊಂಡಿದ್ದರು. ಪಟ್ಟಿ ಮುಗಿದ ವಾರವೇ ಕಶ್ಯಪ, “ದೊಡ್ಡಮ್ಮಾ, ಅಬ್ ಆಪ್ ರೆಸ್ಟ್ ಕರೋ” ಎಂದ. ವಿಶ್ರಾಂತಿಯನ್ನು ನಾನು ತೆಗೆದುಕೊಳ್ಳಲಿಲ್ಲ. ನನಗೆ ಬಡಿಸಿದರು.

ನಿನ್ನ ಮೊದಲ ಕಾಗದದಲ್ಲಿ 1,640 ಎಂದು ಓದಿದ ಕ್ಷಣವೇ ನನ್ನ ಎರಡು ಮಾಪು ಎಂದು ಗುರುತು ಹಿಡಿದೆ. ಹೇಳಲಿಲ್ಲ. ನಗಲೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿನ್ನನ್ನು ನಾಲ್ಕು ವರ್ಷ ತೆಂಗಿನಕಾಯಿಯ ಹತ್ತಿರವೇ ಕೂರಿಸಿದೆ. ನೀನು ಕಲಿತರೆ ನನ್ನ ಜಾಗಕ್ಕೆ ಬರುತ್ತೀ ಎಂಬ ಹೆದರಿಕೆ. ಕೊನೆಗೆ ನನ್ನ ಜಾಗಕ್ಕೆ ಬಂದದ್ದು ಐದು ಕಿಲೋ ಹೊರಲಾಗದ ಯಂತ್ರ. ಎಂಟು-ಎರಡನ್ನು ನಿನಗೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು. ಕೈಗವಸಿನವನಿಗೆ ಹೇಳಿದೆ.

ಮುಚ್ಚಳದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಮುರಾರಿಯ ಹತ್ತಿರ ನಾನು ಏನೂ ಹೇಳಿಲ್ಲ. ಅವನಿಗೆ ನೀನೇ ಹೇಳು, ಗಟ್ಟಿಯಾಗಿ ಹೇಳು. ನನ್ನ ಹೆಸರು ಬೇಕಾದಲ್ಲಿ ಬಳಸು, ಬೇಡವಾದಲ್ಲಿ ಬಿಡು.

ಸುಗುಣಾ


ಖಾರಘರ
30 ಜೂನ್ 2024

ಸುಗುಣಕ್ಕಾ,

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ನಿನ್ನೆ ಸಣ್ಣ ಸೇಠರು ಹೊಸ ತಕ್ಕಡಿ ತಂದು, ಪಟ್ಟಿಯ ಪ್ರಕಾರ ತಾವೇ ತೂಗಿ ಒಂದು ಪಾತ್ರೆ ನೆನೆಹಾಕಿಸಿದರು. ಪಕ್ಕದಲ್ಲೇ ನಾನು ಮಾಪು ಹಿಡಿದು, ಹೊರಗೆ ಕೌಂಟರಿನವರಿಗೂ ಕೇಳುವ ಹಾಗೆ ಎಣಿಸಿದೆ. ಲಾಭ, ಒಂದು, ಎರಡು. ಅವರಿಗೆ ಆಗಲೇ ತಿಳಿಯಿತು. ಮುಖ ನೋಡಿದೆ. ಹದಿನೈದು ಕಿಲೋ ಎಲ್ಲಿ ಹೋಯಿತೆಂದು ತಿಳಿದ ಮುಖ. ಆದರೆ ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡ ಸೇಠರು ಬಂದರು. ಎರಡೂ ಹಿಟ್ಟು ಎರಡು ಪಾತ್ರೆಯಲ್ಲಿ ಬೆಂದಿತ್ತು. ಸಣ್ಣ ಸೇಠರು ತಟ್ಟೆ ಹಿಡಿದು ಮುಂದೆ ಬಂದರು. ನಾನು ನಮ್ಮ ಪಾತ್ರೆಯ ಮುಚ್ಚಳದ ಮೇಲೆ ಕೈ ಇಟ್ಟೆ. ಕೈ ಸುಡುತ್ತಿತ್ತು, ತೆಗೆಯಲಿಲ್ಲ.

“ಕಳ್ಳೇರು ಅಂದೀರಿ. ಆ ಮಾತು ಮೊದಲು ಹಿಂದ ತಗೋರಿ. ಇಡ್ಲಿ ಆಮ್ಯಾಲ” ಅಂದೆ.

“ಅರೇ, ಪಪ್ಪಾ ವೇಟ್ ಕರ್ ರಹೇ ಹೈಂ.”

“ಕಾಯ್ಲಿ. ನಾವು ಒಂದು ವಾರ ಕಾದೀವಿ.”

ದೊಡ್ಡ ಸೇಠರು, “ಎಂತದಾ ಇದು?” ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಲಾಭದ ಮಾಪು, ಐವತ್ತು ಇಡ್ಲಿ, ಬಿಚ್ಚಿಸಿದ ಚೀಲ, ಬಿಡಿಸಿದ ರೊಟ್ಟಿ. ತಪ್ಪು ಎಣಿಸಿದ್ದು ನಾನೇ ಎಂದೂ ಹೇಳಿದೆ. ಅವರು ಮಗನ ಕಡೆ ತಿರುಗಿದರು. ಸಣ್ಣ ಸೇಠರು ಗೋಡೆ ನೋಡಿಕೊಂಡು “ಸಾರಿ” ಅಂದರು.

“ಕನ್ನಡದಾಗ ಅನ್ರಿ. ಇವರು ನಾಲ್ಕೂ ಮಂದಿಗೆ ತಿಳೀಬೇಕು.”

ಎಷ್ಟು ಹೊತ್ತು ಹಿಡಿಯಿತೋ, ಕೈಗೆ ಬೊಬ್ಬೆ ಬಂದಿದೆ. ಕೊನೆಗೆ, “ತಪ್ಪಾಯ್ತು. ನೀವು ಕದ್ದಿಲ್ಲ” ಅಂದರು. ಕನ್ನಡ ಚೆನ್ನಾಗಿಯೇ ಬರುತ್ತದೆ.

ಆಮೇಲೆ ಮುಚ್ಚಳ ತೆಗೆದೆ. ಯಾವುದು ಯಾರದೆಂದು ದೊಡ್ಡ ಸೇಠರಿಗೆ ಹೇಳಲಿಲ್ಲ. ತಕ್ಕಡಿಯದು ಒಂದು ತಿಂದು, “ಇದು ನಮ್ಮ ಅತ್ತಿಗೆಯ ಇಡ್ಲಿ, ಕಣ್ಣು ಮುಚ್ಚಿ ಹೇಳ್ತೇನೆ” ಅಂದರು. ನಮ್ಮದು ಮೂರು ತಿಂದು, “ಇದು ಅತ್ತಿಗೆಯದ್ದೂ ಅಲ್ಲ, ಅದಕ್ಕಿಂತ ಮೇಲೆ. ಅವರಿಗೆ ಯಾರೂ ಹೇಳ್ಬೇಡಿ ಮಾರಾಯ್ರೆ” ಅಂದರು. ನಾನು ಹೇಳುತ್ತಿದ್ದೇನೆ.

ಫ್ಯಾಕ್ಟರಿಯ ಹಿಟ್ಟು ಬರುವುದಿಲ್ಲ. ಐದೂ ಜನ ಉಳಿದೆವು. ಸಂಜೆ ಸಣ್ಣ ಸೇಠರು ಹೊಸ ಪಟ್ಟಿಗೆ ಗ್ರಾಂ ಬರೆಸು ಎಂದು ಕಾಗದ ತಂದರು. ಅಕ್ಕಿ, ಉದ್ದು ಅವರ ಲೆಕ್ಕಕ್ಕೇ ಸಿಗುತ್ತವೆ. ಮೆಂತೆ ಎಷ್ಟು, ಉಪ್ಪು ಎಷ್ಟು, ರುಬ್ಬುವಾಗ ನೀರು ಎಷ್ಟು ಎಂದು ಕೇಳಿದರು. ಒಂಬತ್ತು-ಮೂರಕ್ಕೆ ಅದೆಲ್ಲ ಬೇರೆಯೇ ಆಗಿದೆ. ನಾನು ಹೇಳಲಿಲ್ಲ. ಒಬ್ಬರನ್ನು ತೂಗಿ ಮನೆಗೆ ಕಳಿಸಿದ್ದು ನನಗೆ ಗೊತ್ತಿದೆ. “ನೋಡ್ಬೇಕಂದ್ರ ದಿನಾ ಮುಂಜಾನೆ ಬಂದು ನಮ್ಮ ಜೋಡಿ ನಿಲ್ರಿ” ಅಂದೆ.

ಅವರು ಈಗ ನಿಮ್ಮ ಹತ್ತಿರ ಬರುತ್ತಾರೆ.

ಕಾಂಚನಾ


ಡೊಂಬಿವಲಿ
5 ಜುಲೈ 2024

ಕಾಂಚನಾ,

ಬಂದ. ಹಣ್ಣಿನ ಬುಟ್ಟಿ, ಸಕ್ಕರೆಯಿಲ್ಲದ ಬಿಸ್ಕತ್ತು, ಜೊತೆಗೆ ಸಂಕರ್ಷಣ. ಕೈಗವಸನ್ನು ಈ ಸಲ ಜೇಬಿನಲ್ಲಿಟ್ಟುಕೊಂಡಿದ್ದ, ಮನೆಗೆ ಬರುವಾಗ ಹಾಕಿದರೆ ಚೆನ್ನಾಗಿರುವುದಿಲ್ಲ ಎಂದು ತಿಳಿಯಿತೋ ಏನೋ.

ಕಾಫಿ ಕೊಟ್ಟೆ. ಕಶ್ಯಪ ಚಪ್ಪಲಿ ಬಿಟ್ಟು ನೆಲದ ಮೇಲೇ ಕೂತ. ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ.

“ದೊಡ್ಡಮ್ಮಾ, ನೀವು ಡೊಂಬಿವಲಿ ಕಿಚನ್‌ಗೆ ವಾಪಸ್ ಬನ್ನಿ. ಡೆಸಿಗ್ನೇಶನ್ ಕೊಡ್ತೇನೆ. ಒಂಬತ್ತು-ಮೂರಕ್ಕೆ ಮೆಂತೆ ಎಷ್ಟು, ನೀರು ಎಷ್ಟು, ಅದಷ್ಟು ಹೇಳಿ. ಕಾಂಚನಾ ಹೇಳ್ತಾ ಇಲ್ಲ.”

ಮನಸ್ಸು ಆಸೆ ಪಟ್ಟಿತು ಎಂದು ನಿನಗೆ ಮುಚ್ಚಿಟ್ಟರೆ ಮತ್ತೆ ಹಳೆಯ ಸುಗುಣಕ್ಕನೇ ಆದೇನು. ಆಸೆ ಪಟ್ಟಿತು. ಕೆಳಗಿನ ಹೋಟೆಲಿನ ರುಬ್ಬುವ ಯಂತ್ರದ ಸದ್ದು ನನ್ನ ಮನೆಯ ನೆಲಕ್ಕೆ ಬರುತ್ತದೆ, ಎಂಟು ತಿಂಗಳಿನಿಂದ ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದೇನೆ. ಮತ್ತೆ ಲೆಕ್ಕವೂ ಬರುತ್ತದೆ ನನಗೆ. ಒಂಬತ್ತು-ಮೂರು ಎಂದು ನೀನು ಬರೆದ ದಿನವೇ ಮೆಂತೆ, ಉಪ್ಪು, ನೀರು ಎಲ್ಲ ಮನಸ್ಸಿನಲ್ಲಿ ಕೂಡಿಸಿ ಇಟ್ಟಿದ್ದೆ. ಬಾಯಿ ತೆರೆದರೆ ಸಾಕಿತ್ತು.

“ನನಗೆ ಗೊತ್ತಿಲ್ಲ ಮಗಾ” ಎಂದೆ.

“ನಿಮಗೆ ಗೊತ್ತಿಲ್ಲ ಅಂದ್ರೆ ಹೇಗೆ?”

“ಅದು ನನ್ನ ಹಿಟ್ಟು ಅಲ್ಲ. ಕಾಂಚನಾಳದ್ದು. ನಾನು ವಾಪಸು ಬರುವುದಾದರೆ ನೆನೆಹಾಕುವ ಕೋಣೆಯ ಬಾಗಿಲು ತೆಗೆದಿಟ್ಟುಕೊಂಡು, ಆ ಅಡುಗೆಮನೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಕಲಿಸುತ್ತೇನೆ. ತೂಗಲು ಯಾರೂ ಒಳಗೆ ಬರಬಾರದು. ಇದನ್ನು ಬರೆದುಕೊಳ್ಳಬಹುದು, ಬೇಕಾದರೆ ಕೈಗವಸು ಹಾಕಿಕೊಂಡೇ ಬರೆದುಕೊಳ್ಳಲಿ.”

ಸಂಕರ್ಷಣ ಪೆನ್ನು ಮುಚ್ಚಿದ. ಕಶ್ಯಪ ಆರಿದ ಕಾಫಿ ಕುಡಿದು ಮುಗಿಸಿದ. ಏಳುವಾಗ, “ಹಾಗಾದ್ರೆ ನಾನೇ ಹೋಗಿ ಕಲೀಬೇಕಾ?” ಎಂದು ಕೇಳಿದ. ಕನ್ನಡದಲ್ಲೇ ಕೇಳಿದ. ನಾನು ಹೌದು ಎನ್ನಲಿಲ್ಲ, ಖಾರಘರಕ್ಕೆ ಮೊದಲ ಟ್ರೇನು ಎಷ್ಟು ಹೊತ್ತಿಗೆ ಎಂದು ಮಾತ್ರ ಹೇಳಿದೆ.

ಸೋಮವಾರ ಬೆಳಿಗ್ಗೆ ಬರುತ್ತಾನೆ. ಮಾಪು ಕೈಗೆ ಕೊಡಬೇಡ. ಮೊದಲ ವಾರ ಉದ್ದು ತೊಳೆಯಲಿ.

ಸುಗುಣಾ